ಬಿಗ್ ಬಾಯ್ 4014 ಉದ್ದನೆ ಸ್ಪೆಷಲ್ ರೈಲು ಎಳೆಯುವಾಗ: ಎಲ್ಲಿ ನಿಲ್ಲಬೇಕು, ಏನು ಗಮನಿಸಬೇಕು

ಹಳಿಪಕ್ಕ

ಯೂನಿಯನ್ ಪೆಸಿಫಿಕ್ ರೈಲು ಕಂಪನಿಯವರ ಉಗಿ ಇಂಜಿನ್ ಬಿಗ್ ಬಾಯ್ 4014 ಹೊರಟಾಗಲೆಲ್ಲ ಅಮೆರಿಕದಲ್ಲಿರೋ ನಮ್ಮವರ ಗುಂಪುಗಳಲ್ಲಿ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರ್ತಾವೆ, ಉತ್ತರಗಳು ಅಲ್ಲಲ್ಲೇ ಚೆಲ್ಲಾಪಿಲ್ಲಿ. ಎಲ್ಲ ಒಂದು ಕಡೆ ಇರಲಿ ಅಂತ ಈ ಚರ್ಚೆ ಶುರು ಮಾಡಿದ್ದು. ಮುಖ್ಯವಾಗಿ ಮೂರು ಸಂಶಯ.

ಒಂದು: ಅಷ್ಟುದ್ದ ಹಳದಿ ಬೋಗಿಗಳ ಸಾಲನ್ನ ಎಳೆಯುವಾಗ ಇಂಜಿನ್ ನಿಜಕ್ಕೂ ದುಡೀತಿರುತ್ತಾ, ಇಲ್ಲಾ ಹಿಂದಿರೋ ಡೀಸೆಲ್ ತಳ್ತಿರುತ್ತಾ? ಎರಡು: ಕೆಲವು ವೀಡಿಯೋದಲ್ಲಿ ಹೊಗೆಯೇ ಇರಲ್ಲ, ಕೆಲವದರಲ್ಲಿ ಕಪ್ಪು ಮೋಡ. ಯಾಕೆ? ಮೂರು: ಮಕ್ಕಳನ್ನ ಕರ್ಕೊಂಡು ಹೋಗೋರು ಎಷ್ಟು ದೂರ ನಿಲ್ಲಬೇಕು?

ಗೊತ್ತಿರೋರು ಅಂಕಿ ಸಮೇತ ಬರೀರಿ. "ರೋಮಾಂಚನ ಆಯ್ತು" ಅನ್ನೋದಕ್ಕೆ ಫೋಟೋ ವಿಭಾಗ ಇದೆ.

ಉಗಿಲೆಕ್ಕ

ಮೊದಲನೇ ಪ್ರಶ್ನೆಗೆ ಗುಣಾಕಾರ ಭಾಗಾಕಾರದಲ್ಲೇ ಉತ್ತರ ಸಿಗುತ್ತೆ.

ಈ ಜಾತಿಯ ಇಂಜಿನ್ ಒಟ್ಟು 25. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಅಮೆರಿಕನ್ ಲೋಕೋಮೋಟಿವ್ ಕಂಪನಿ 1941ರಲ್ಲಿ 20 ಕಟ್ಟಿತು, 1944ರಲ್ಲಿ ಇನ್ನೂ 5. ಕಟ್ಟಿಸಿದ್ದು ಒಂದೇ ಕೆಲಸಕ್ಕೆ: ಯೂಟಾದ ಆಗ್ಡನ್ನಿನಿಂದ ವಾಸಾಚ್ ಬೆಟ್ಟ ಹತ್ತುವ 1.14% ಏರಿನಲ್ಲಿ 3,600 ಟನ್ ಗೂಡ್ಸನ್ನು ಇನ್ನೊಂದು ಇಂಜಿನ್ನಿನ ಸಹಾಯ ಇಲ್ಲದೆ ಎಳೆಯಬೇಕು. (ಅಮೆರಿಕದ ಟನ್ ಅಂದರೆ 907 ಕೆಜಿ, ಕೆಳಗಿನ ಲೆಕ್ಕವೆಲ್ಲ ಅದರಲ್ಲೇ.)

ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 23.75 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 32 ಇಂಚು. ಎಳೆಯುವ ಗಾಲಿಯ ವ್ಯಾಸ 68 ಇಂಚು. ಬಾಯ್ಲರ್ ಒತ್ತಡ ಚದರ ಇಂಚಿಗೆ 300 ಪೌಂಡ್, ಲೆಕ್ಕಕ್ಕೆ ಅದರ 85% ಅಂದರೆ 255 ಹಿಡಿಯೋದು ವಾಡಿಕೆ.

23.75 × 23.75 × 32 × 255 ÷ 68 = 67,687.5 ಪೌಂಡ್. ಇದು ಎರಡು ಸಿಲಿಂಡರಿನ ಒಂದು ಜೋಡಿಗೆ. ಅಂಥ ಎರಡು ಜೋಡಿ, ಹಾಗಾಗಿ 1,35,375 ಪೌಂಡ್ ಎಳೆತ. ಪುಸ್ತಕಗಳಲ್ಲಿರೋ ಅಂಕಿಯೂ ಇದೇ. ಎಳೆಯುವ 16 ಗಾಲಿಗಳ ಮೇಲಿನ ಭಾರ 5,40,000 ಪೌಂಡ್, ಎಳೆತಕ್ಕಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಒಣ ಹಳಿಯಲ್ಲಿ ಗಾಲಿ ಜಾರದೆ ಇರೋಕೆ ಅಷ್ಟು ಬೇಕು.

ಈಗ ಹೊರೆ. 1% ಏರಿಗೆ ಟನ್ನಿಗೆ 20 ಪೌಂಡ್ ಬೇಕು, 1.14%ಗೆ 22.8. ಉರುಳೋದಕ್ಕೆ ನಿಧಾನ ವೇಗದಲ್ಲಿ ಟನ್ನಿಗೆ ಇನ್ನೊಂದು 5. ಒಟ್ಟು 28 ಅಂತಿಟ್ಕೊಳ್ಳಿ.

ಹಳೇ ಗೂಡ್ಸ್: 3,600 ಟನ್ ಜೊತೆಗೆ ಇಂಜಿನ್, ಟೆಂಡರ್ (ನೀರು, ಇಂಧನ ಹೊರುವ ಬೋಗಿ) ಸೇರಿ ಸುಮಾರು 600 ಟನ್. 4,200 × 28 = 1,17,600 ಪೌಂಡ್. ಇರೋ ಶಕ್ತಿಯ ಹತ್ತಿರ ಹತ್ತಿರ ಪೂರ್ತಿ.

ಇವತ್ತಿನ ಸ್ಪೆಷಲ್: 20 ಬೋಗಿ, ಒಂದೊಂದು 75 ಟನ್ ಅಂತ ಹಿಡಿದರೆ 1,500. ನೀರಿನ ಟೆಂಡರ್‌ಗಳಿಗೆ 300. ಇಂಜಿನ್ 600. ಒಟ್ಟು 2,400 × 28 = 67,200. ಅರ್ಧ! ಸಮತಟ್ಟಿನಲ್ಲಾದರೆ 12,000 ಪೌಂಡ್ ಸಾಕು, ಹತ್ತರಲ್ಲಿ ಒಂದು ಪಾಲೂ ಇಲ್ಲ.

ಹಾಗಾಗಿ ನೆಬ್ರಾಸ್ಕದ ಬಯಲಲ್ಲಿ ನಿಂತವರು "ಸದ್ದೇ ಇಲ್ಲ ಕಣ್ರೀ" ಅಂತ ಬೇಜಾರಾಗೋದು ಸಹಜ. ಇಂಜಿನ್‌ಗೆ ಅಲ್ಲಿ ಕೆಲಸವೇ ಇಲ್ಲ.

ಬೆಳಗಾವಿ_ಬಾಯ್ಲರ್

ಲೆಕ್ಕ ಛಲೋ ಐತಿ, ಆದ್ರ ಅರ್ಧಾ ಹೇಳೀರಿ. 1,35,375 ಅನ್ನೂದು ನಿಂತಲ್ಲಿಂದ ಹೊರಡುವಾಗಿನ ಎಳೆತ. ವೇಗ ಏರಿಧಂಗ ಅದು ಇಳೀತೈತಿ, ಯಾಕಂದ್ರ ಬಾಯ್ಲರು ತಾಸಿಗೆ ಇಂತಿಷ್ಟಽ ಉಗಿ ಕೊಡೂದು. ಹಳೇ ಪರೀಕ್ಷಾದಾಗ ಸಿಕ್ಕ ಗರಿಷ್ಠ ಶಕ್ತಿ ತಾಸಿಗೆ 41 ಮೈಲಿ ಹೊತ್ತಿನ್ಯಾಗ 6,290 ಅಶ್ವಶಕ್ತಿ. ಅದನ್ನ ಎಳೆತಕ್ಕ ತಿರುಗಿಸ್ರಿ: 6,290 × 375 ÷ 41 = 57,500 ಪೌಂಡ್.

ನಿಮ್ಮ 1,800 ಟನ್ನಿನ ಬೋಗಿ-ಟೆಂಡರ್ ಸಾಲು ಅದಽ ಏರಿನ್ಯಾಗ 40 ಮೈಲಿ ವೇಗದಾಗ ಹೋಗಬೇಕಂದ್ರ ಟನ್ನಿಗೆ ಸುಮಾರು 30 ಪೌಂಡ್, ಅಂದ್ರ 54,000. ಮ್ಯಾಲೆ ಇಂಜಿನ್ನಿನ ಸ್ವಂತ ಭಾರ ಬ್ಯಾರೆ. ಅಂದ್ರ ತಾನಽ ಹತ್ತೂದಾದ್ರ ತಾಕತ್ತೆಲ್ಲಾ ಹಾಕಬೇಕು, ವೇಗಾನೂ ಒಂಚೂರು ಇಳಿಬೇಕು.

ತಾತ್ಪರ್ಯ ಏನಂದ್ರ, ತೆವಳಕೋತ ಹೋದ್ರ ಅರ್ಧಾ ಕೆಲಸ, ವೇಗ ಹಿಡಿದು ಏರು ಹತ್ತಿದ್ರ ಪೂರ್ತಿ ಕೆಲಸ. ನೋಡೂದಾದ್ರ ಅಲ್ಲೇ ನೋಡಬೇಕು. ಊರಾಗಿನ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ್ಯಾಗ ಅಲ್ಲ.

ಇನ್ನೊಂದು. ಇದನ್ನ ಮ್ಯಾಲೆಟ್ ಇಂಜಿನ್ ಅಂತ ಬರಿಯೂದು ನಿಲ್ಲಸ್ರಿ. ಮ್ಯಾಲೆಟ್‌ನ್ಯಾಗ ಉಗಿ ಮೊದಲ ಹಿಂದಿನ ಸಿಲಿಂಡರಿಗೆ ಹೋಗಿ, ಅಲ್ಲಿ ದುಡದು, ಒತ್ತಡ ಕಮ್ಮಿ ಆಗಿ ಮುಂದಿನ ದೊಡ್ಡ ಸಿಲಿಂಡರಿಗೆ ಬರತೈತಿ. ಬಿಗ್ ಬಾಯ್‌ನ್ಯಾಗ ನಾಕೂ ಸಿಲಿಂಡರಿಗೆ ಬಾಯ್ಲರಿನ ಹೊಸ ಉಗಿನಽ. ಮ್ಯಾಲೆಟ್‌ನಿಂದ ತಗೊಂಡಿದ್ದು ನಡುವಿನ ಕೀಲು ಅಷ್ಟಽ: ಹಿಂದಿನ ಚೌಕಟ್ಟಿಗೆ ಬಾಯ್ಲರ್ ಬಿಗದಿರತಾರ, ಮುಂದಿನ ಚೌಕಟ್ಟು ಬಾಯ್ಲರಿನ ಕೆಳಗ ಎಡಕ್ಕ ಬಲಕ್ಕ ಹೊರಳತೈತಿ.

ಹಳಿಪಕ್ಕ

ತಿದ್ದುಪಡಿ ಒಪ್ಪಿದೆ. ಹಾಗಾದ್ರೆ ಡೀಸೆಲ್?

ಬ್ರೇಕ್‌ಬ್ಲಾಕ್

ಡೀಸೆಲ್ ಇರೋದು ಎರಡು ಕಾರಣಕ್ಕೆ, ಎಳೆಯೋದು ಅದರಲ್ಲಿ ಕೊನೇದು.

 

ಮೊದಲನೇದು ಇಳಿಜಾರು, ಇದೇ ಮುಖ್ಯ. ಉಗಿ ಇಂಜಿನ್ನಿನ ದೊಡ್ಡ ಗಾಲಿ ಒಂದೇ ಅಚ್ಚಿನದಲ್ಲ. ಒಳಗಿನ ಗಾಲಿಯ ಮೇಲೆ ಉಕ್ಕಿನ ಪಟ್ಟಾ ಇರುತ್ತೆ, ಅದೇ ಟೈರು. ಎತ್ತಿನಗಾಡಿಗೆ ಪಟ್ಟಾ ಹಾಕೋ ಹಾಗೇ, ಕಾಯಿಸಿ ಹಿಗ್ಗಿಸಿ ಕೂರಿಸಿದ್ರೆ ಆರಿದ ಮೇಲೆ ಕಚ್ಚಿಕೊಳ್ಳುತ್ತೆ. ಉದ್ದನೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದ್ರೆ ಆ ಟೈರು ಮತ್ತೆ ಬಿಸಿಯಾಗಿ ಹಿಗ್ಗುತ್ತೆ, ಸಡಿಲ ಆಗೋ ಅಪಾಯ. ಡೀಸೆಲ್‌ನಲ್ಲಿ ಮೋಟರನ್ನೇ ಜನರೇಟರ್ ಮಾಡಿ ಆ ಕರೆಂಟನ್ನ ಛಾವಣಿಯ ಗ್ರಿಡ್‌ಗಳಲ್ಲಿ ಸುಟ್ಟುಬಿಡಬಹುದು. ಬ್ರೇಕ್ ಬ್ಲಾಕೂ ಸವೆಯಲ್ಲ, ಟೈರೂ ಕಾಯಲ್ಲ. 80 ವರ್ಷ ದಾಟಿದ ಇಂಜಿನ್ ಉಳಿಸೋಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಎರಡನೇದು ಆಪತ್ತಿಗೆ. ನಡುದಾರೀಲಿ ಉಗಿ ಇಂಜಿನ್ ಕೈಕೊಟ್ರೆ ಮುಖ್ಯ ಮಾರ್ಗ ಮುಚ್ಚಿ ಕೂರೋಕಾಗಲ್ಲ, ಹಿಂದೆ ಸಾಲಾಗಿ ಗೂಡ್ಸ್‌ಗಳು ಬರ್ತಿರ್ತಾವೆ.

ಗೂಡ್ಸ್_ಗಾರ್ಡು

ಆದ್ರೂ ತಳ್ತಾರೆ ಗುರು. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಡೀಸೆಲ್‌ನ ಸಹಾಯ ತಗೊಳ್ಳೋದು ಇದ್ದಿದ್ದೇ. ಅದನ್ನ ಮುಚ್ಚಿಡೋದ್ಯಾಕೆ?

ಬ್ರೇಕ್‌ಬ್ಲಾಕ್

ಮುಚ್ಚಿಟ್ಟಿಲ್ಲ, ಕೊನೇದು ಅಂದೆ ಅಷ್ಟೇ. ಗುರುತು ಹಿಡಿಯೋದು ಹೀಗೆ: ಡೀಸೆಲ್ ನಿಮ್ಮ ಮುಂದೆ ದಾಟುವಾಗ ಅದರ ಹೊಗೆಕೊಳವೆ ಮೇಲೆ ಬಿಸಿಗಾಳಿ ಅಲೆ ಅಲೆಯಾಗಿ ನಡುಗ್ತಿದೆಯಾ, ಇಂಜಿನ್ ಗುಡುಗು ಏರಿದೆಯಾ ನೋಡಿ. ಬರೀ ಒಂದೇ ಸಮನೆ ಗುಂಯ್‌ಗುಟ್ಟುತ್ತಿದ್ರೆ ಸುಮ್ಮನೆ ಜೊತೆಗೆ ಬರ್ತಿದೆ ಅಂತ. ಇಳಿಜಾರಿನಲ್ಲಿ ಫ್ಯಾನಿನ ಕೀರಲು ಸದ್ದು ಬಂದ್ರೆ ಬ್ರೇಕ್ ಹಾಕ್ತಿದೆ. ಏರಿನಲ್ಲಿ ಉಗಿ ಇಂಜಿನ್ ಚಿಮಣಿ ಸದ್ದು ಮೆತ್ತಗಿದ್ದು ಡೀಸೆಲ್ ಅರಚ್ತಿದ್ರೆ, ಸರಿ, ಆಗ ನೀವು ಹೇಳಿದ್ದೇ.

ಗೂಡ್ಸ್_ಗಾರ್ಡು

2023ರ ಜೂನ್‌ನಲ್ಲಿ ನೆಬ್ರಾಸ್ಕದ ಬ್ಲೇರ್ ಹತ್ರ ಕೆಟ್ಟು ನಿಂತ ಗೂಡ್ಸನ್ನ ಇದೇ 4014 ಹಿಂದಿನಿಂದ ತಳ್ಳಿ ಸಾಗಿಸಿತ್ತು. ಡೀಸೆಲ್ ರೈಲಿಗೆ ಉಗಿ ಇಂಜಿನ್ ಸಹಾಯ. ಲೆಕ್ಕ ಚುಕ್ತಾ.

ಕಿಡಿಗೂಡು

ಹೊಗೆ ವಿಷಯ. ಮೂರು ಬೇರೆ ಬೇರೆ ವಸ್ತುವನ್ನ ಜನ "ಹೊಗೆ" ಅಂತಾರೆ, ಅಲ್ಲೇ ಗೊಂದಲ.

4014 ಹುಟ್ಟಿದ್ದು ಕಲ್ಲಿದ್ದಲಿಗೆ. 1959ರಲ್ಲಿ ಕೆಲಸ ನಿಲ್ಲಿಸೋ ಹೊತ್ತಿಗೆ ಹತ್ತು ಲಕ್ಷ ಮೈಲಿ ದಾಟಿತ್ತು. ಆಮೇಲೆ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಪ್ರದರ್ಶನಕ್ಕೆ ನಿಂತಿತ್ತು. 2013ರಲ್ಲಿ ಯೂನಿಯನ್ ಪೆಸಿಫಿಕ್ ವಾಪಸ್ ಪಡೆದು, 2014ರಲ್ಲಿ ವಯೋಮಿಂಗ್‌ನ ಶಯೆನ್‌ಗೆ ಎಳೆದು ತಂದು, ಪೂರ್ತಿ ಬಿಚ್ಚಿ ಕಟ್ಟಿ 2019ರ ಮೇ ತಿಂಗಳಲ್ಲಿ ಮತ್ತೆ ಹಳಿಗಿಳಿಸಿತು. ಆ ರಿಪೇರಿಯಲ್ಲೇ ಎಣ್ಣೆ ಉರಿಸುವ ಹಾಗೆ ಬದಲಾಯಿಸಿದ್ರು. ಹಾಗಾಗಿ ಈಗ ಅಲ್ಲಿ ಕಲ್ಲಿದ್ದಲಿಲ್ಲ, ಕಿಟ್ಟ ಕೆದಕೋದಿಲ್ಲ. ದಪ್ಪ ಎಣ್ಣೆಯನ್ನ ಉಗಿಯಿಂದಲೇ ಸಿಂಪಡಿಸಿ ಉರಿಸ್ತಾರೆ.

ಎಣ್ಣೆ ಬೆಂಕಿ ಸರಿಯಾಗಿದ್ರೆ ಚಿಮಣಿ ಮೇಲೆ ತೆಳು ಬೂದು ಮಬ್ಬು ಮಾತ್ರ, ಕೆಲವೊಮ್ಮೆ ಅದೂ ಇಲ್ಲ. ಫೈರ್‌ಮನ್ (ಇಂಜಿನ್ನಿನ ಒಲೆ ನೋಡ್ಕೊಳ್ಳೋನು) ಕೆಲಸ ಬಲ್ಲವನು ಅನ್ನೋಕೆ ಅದೇ ಗುರುತು. ಕಪ್ಪು ಹೊಗೆ ಅಂದ್ರೆ ಎಣ್ಣೆ ಹೆಚ್ಚು, ಗಾಳಿ ಕಮ್ಮಿ. ಡ್ರೈವರ್ ತಟಕ್ಕನೆ ಥ್ರಾಟಲ್ (ಸಿಲಿಂಡರಿಗೆ ಉಗಿ ಬಿಡೋ ಹಿಡಿ) ಮುಚ್ಚಿದ್ರೆ ಚಿಮಣಿಯ ಎಳೆತ ಬಿದ್ದುಹೋಗುತ್ತೆ. ಅದೇ ಕ್ಷಣ ಫೈರ್‌ಮನ್ ಎಣ್ಣೆ ತಗ್ಗಿಸದಿದ್ರೆ ಕಪ್ಪು ಮೋಡ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡೇ ಕೆಲಸ ಮಾಡಬೇಕು, ನಾಗಸ್ವರ ಡೋಲಿನ ಥರ.

ಬೇಕಂತಲೇ ಕಪ್ಪು ಹೊಗೆ ಬರೋದೂ ಉಂಟು. ಎಣ್ಣೆ ಉರಿದಾಗ ಬಾಯ್ಲರಿನ ಕೊಳವೆಗಳ ಒಳಗೆ ಮಸಿ ಕಟ್ಟುತ್ತೆ. ಮಸಿ ಶಾಖ ಒಳಗೆ ಬಿಡಲ್ಲ, ಉಗಿ ಕಮ್ಮಿ ಆಗುತ್ತೆ. ಅದಕ್ಕೆ ಇಂಜಿನ್ ಜೋರಾಗಿ ದುಡಿಯುವಾಗ ಒಲೆಬಾಗಿಲ ಕಿಂಡಿಯಿಂದ ಒಣ ಮರಳು ಹಾಕ್ತಾರೆ. ಗಾಳಿ ಎಳೆತಕ್ಕೆ ಮರಳು ಕೊಳವೆಗಳೊಳಗೆ ನುಗ್ಗಿ ಮಸಿ ಕೆರೆದು ಚಿಮಣಿಯಿಂದ ಹೊರಗೆ ಎಸೆಯುತ್ತೆ. ಕೆಲವು ಕ್ಷಣ ಕಾಡಿಗೆ ಕಪ್ಪು, ಆಮೇಲೆ ಸ್ವಚ್ಛ. ಏರು ಶುರುವಾದ ಮೇಲೆ ಇದನ್ನ ಮಾಡೋದು ಜಾಸ್ತಿ. ಗಾಳಿ ಬೀಸೋ ದಿಕ್ಕಲ್ಲಿ ನಿಂತ್ರೆ ಬಿಳಿ ಅಂಗಿ, ಕ್ಯಾಮೆರಾ ಲೆನ್ಸು ಎರಡಕ್ಕೂ ಪ್ರಸಾದ.

ಬಿಳಿ ಇರೋದು ಹೊಗೆಯಲ್ಲ, ಆರಿದ ಉಗಿ. ಉಗಿ ತಾನಾಗಿ ಕಾಣಲ್ಲ, ತಣ್ಣಗಾಗಿ ಹನಿ ಕಟ್ಟಿದಾಗ ಕಾಣುತ್ತೆ. ಜುಲೈ ಮಧ್ಯಾಹ್ನದ ಒಣ ಬಿಸಿಲಲ್ಲಿ ಹನಿ ಕಟ್ಟೋ ಮೊದಲೇ ಕರಗಿಹೋಗುತ್ತೆ. ತಂಪು ಬೆಳಗ್ಗೆ ಅದೇ ಇಂಜಿನ್, ಅದೇ ಕೆಲಸ, ಬೆಳ್ಳಗೆ ಮಾರುದ್ದ ಜಡೆ. ಚಿತ್ರ ಚೆನ್ನಾಗಿ ಬರಬೇಕಾ, ದಿನದ ಮೊದಲ ಹೊರಡುವಿಕೆ ಹಿಡೀರಿ.

ಅಲ್ಲೇ_ನಿಲ್ಲಿ

ಜಾಗದ ಬಗ್ಗೆ. ಇಂಜಿನ್ನಿನ ಮನೆ ಶಯೆನ್. ಅಲ್ಲಿಂದ ಪಶ್ಚಿಮಕ್ಕೆ ಲ್ಯಾರಮಿ ಕಡೆ ಹೊರಟ್ರೆ ಶೆರ್ಮನ್ ಹಿಲ್ ಹತ್ತಲೇಬೇಕು, ನೆತ್ತಿ ಸುಮಾರು 8,000 ಅಡಿ. ಹಳೇ ಮಾರ್ಗದ ಏರು 1.55%, 1953ರಲ್ಲಿ ಹಾಕಿದ ಮೂರನೇ ಹಳಿ ಸುತ್ತಿ ಬಳಸಿ 0.82%. ಯಾವ ಹಳಿಯಲ್ಲಿ ಬರುತ್ತೆ ಅನ್ನೋದರ ಮೇಲೆ ಸದ್ದು ಪೂರ್ತಿ ಬೇರೆ. ಬಿಗ್ ಬಾಯ್‌ಗಳು ಕೆಲಸದ ಕೊನೇ ವರ್ಷಗಳನ್ನ ಕಳೆದಿದ್ದೂ ಇದೇ ಬೆಟ್ಟದಲ್ಲಿ.

ಶೆರ್ಮನ್‌ಗೆ ಹೋಗೋರು ಮೂರು ವಿಷಯ ನೆನಪಿಡಿ. ಗಾಳಿ ಹುಚ್ಚು, ಟ್ರೈಪಾಡಿಗೆ ಕಲ್ಲಿನ ಚೀಲ ಕಟ್ಟಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಮಾಮೂಲು, ಬಯಲಲ್ಲಿ ನೀವೇ ಎತ್ತರದ ವಸ್ತು. ಎತ್ತರಕ್ಕೆ ಒಗ್ಗದವರಿಗೆ ತಲೆನೋವು ಬರುತ್ತೆ, ನೀರು ಜಾಸ್ತಿ ಇಟ್ಕೊಳ್ಳಿ.

ಊರು ಯಾವುದೇ ಆಗಲಿ, ಸೂತ್ರ ಒಂದೇ: ನಿಲುಗಡೆ ಬಿಟ್ಟು ಮುಂದಕ್ಕೆ 1ರಿಂದ 2 ಕಿಮೀ, ಹಳಿ ಏರುತ್ತಿರೋ ಕಡೆ, ಸಾರ್ವಜನಿಕ ರಸ್ತೆಯ ಪಕ್ಕ. ನಿಲ್ದಾಣದಲ್ಲಿ ಸಾವಿರಾರು ಜನರ ಬೆನ್ನು ಕಾಣುತ್ತೆ, ಅಷ್ಟೇ. 2024ರಲ್ಲಿ ಕ್ಯಾಲಿಫೋರ್ನಿಯಾದ ರೋಸ್‌ವಿಲ್‌ಗೆ ಬಂದಾಗ ಬೇ ಏರಿಯಾ, ಸ್ಯಾಕ್ರಮೆಂಟೋ ಕಡೆಯ ನಮ್ಮವರು ಬಹಳ ಜನ ನಿಲುಗಡೆಯಲ್ಲೇ ಗುಂಪಾಗಿ ನಿಂತ ಫೋಟೋ ಹಾಕಿದ್ರು. ನಿಂತ ಇಂಜಿನ್ನನ್ನ ಹತ್ತಿರದಿಂದ ನೋಡೋಕೆ ಅದು ಸರಿ, ಎಳೆಯೋದನ್ನ ನೋಡೋಕೆ ಅಲ್ಲ.

ತಿರುವಿನಲ್ಲಿ ಒಳಗಡೆ ನಿಂತ್ರೆ ರೈಲಿನ ಪೂರ್ತಿ ಉದ್ದ ಒಂದೇ ಚೌಕಟ್ಟಿನಲ್ಲಿ ಸಿಗುತ್ತೆ. ಎದುರಿನಿಂದ ನೋಡಿದ್ರೆ ಇನ್ನೊಂದು ತಮಾಷೆ: ಗಾಲಿಗಳು ತಿರುವಿನ ಜೊತೆ ಹೊರಳಿರ್ತಾವೆ, ಬಾಯ್ಲರಿನ ಮೂತಿ ಮಾತ್ರ ನೇರ ಮುಂದಕ್ಕೆ, ತಿರುವಿನ ಹೊರಗೆ ಚಾಚಿರುತ್ತೆ. ಬೆಳಗಾವಿಯವರು ಹೇಳಿದ ಕೀಲಿನ ಕರಾಮತ್ತು ಅದು. ಹೊರಮಗ್ಗುಲಲ್ಲಿ ಹಳಿಗೆ ಹತ್ತಿರ ನಿಲ್ಲಬಾರದು ಅನ್ನೋಕೆ ಇದೂ ಒಂದು ಕಾರಣ.

ಮತ್ತೆ, ಉದ್ದ ರೈಲು ಅಂತ ನಿಧಾನ ಮಾಡಬೇಡಿ. ಇಂಜಿನ್ ಟೆಂಡರ್ ಸೇರಿ 40 ಮೀಟರ್, ಬೋಗಿ ಒಂದೊಂದು 26 ಮೀಟರ್. 20 ಬೋಗಿ, ನೀರಿನ ಟೆಂಡರ್, ಡೀಸೆಲ್ ಎಲ್ಲ ಸೇರಿ ಸುಮಾರು 630 ಮೀಟರ್. 64 ಕಿಮೀ ವೇಗದಲ್ಲಿ 35 ಸೆಕೆಂಡ್. ಇಂಜಿನ್ ಮಾತ್ರ ಎರಡೂಕಾಲು ಸೆಕೆಂಡ್! ಫೋನ್ ಪರದೆ ನೋಡ್ತಾ ಕೂತ್ರೆ ಮುಗೀತು.

ಹಳಿಪಕ್ಕ

ಕಾರಲ್ಲಿ ಪಕ್ಕದಲ್ಲೇ ಹಿಂಬಾಲಿಸೋದು?

ಅಲ್ಲೇ_ನಿಲ್ಲಿ

ಬೇಡ. ಹೆದ್ದಾರಿಯಲ್ಲಿ ಎಲ್ಲರೂ ಅದನ್ನೇ ಮಾಡ್ತಾರೆ, ರೈಲಿನ ವೇಗಕ್ಕೆ ಕಾರು ನಿಧಾನ ಮಾಡಿ ಹಿಂದೆ ಮೈಲುಗಟ್ಟಲೆ ಜಾಮ್. ಯೂನಿಯನ್ ಪೆಸಿಫಿಕ್‌ನವರ ತಾಣದಲ್ಲಿ ಇಂಜಿನ್ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸ್ತಾರೆ. ಒಂದು ಜಾಗ ಆರಿಸಿ, ಒಂದು ಗಂಟೆ ಮೊದಲೇ ಹೋಗಿ, ಅಲ್ಲೇ ನಿಲ್ಲಿ. ಹೆಸರಿಟ್ಕೊಂಡಿದ್ದೇ ಅದಕ್ಕೆ.

ಉಗಿಲೆಕ್ಕ

ದೂರದ ಲೆಕ್ಕ: ಹಳಿಯಿಂದ ಕನಿಷ್ಠ 25 ಅಡಿ ಅಂತ ಕಂಪನಿಯೇ ಹೇಳುತ್ತೆ, ಅಂದರೆ ಏಳೂವರೆ ಮೀಟರ್. ಮಕ್ಕಳಿದ್ದರೆ 15 ಮೀಟರ್ ಇಟ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಗೊತ್ತಿದ್ದರೆ ಪಾಲಿಸೋದು ಸುಲಭ.

ನಿಂತ ಇಂಜಿನ್ ಹೊರಡುವಾಗ ಸಿಲಿಂಡರಿನ ಕೆಳಗಿನ ನಲ್ಲಿಗಳನ್ನ ತೆರೀತಾರೆ. ನಿಂತಾಗ ಒಳಗೆ ಉಗಿ ಆರಿ ನೀರಾಗಿರುತ್ತೆ. ನೀರು ಕುಗ್ಗಲ್ಲ, ಹಾಗೇ ಪಿಸ್ಟನ್ ನುಗ್ಗಿದರೆ ಸಿಲಿಂಡರಿನ ಮುಚ್ಚಳ ಸೀಳಿಹೋಗುತ್ತೆ. ಅದಕ್ಕೇ ಆ ನೀರನ್ನ ಹೊರಗೆ ಉಗೀಬೇಕು. ಇಂಜಿನ್ನಿನ ಎರಡೂ ಮಗ್ಗುಲಿಗೆ ಬಿಳಿ ಗೋಡೆ ಎದ್ದ ಹಾಗೆ ಬರೋದು ಇದೇ. ಹತ್ತಿರ ಇದ್ದರೆ ಸುಡುತ್ತೆ, ಕಣ್ಣೂ ಕಾಣಲ್ಲ.

ಇನ್ನೊಂದು ಬ್ಲೋಡೌನ್. ಬಾಯ್ಲರಿನ ತಳದಲ್ಲಿ ಕೆಸರು ಸೇರುತ್ತೆ, ಅದನ್ನ ಒತ್ತಡದಲ್ಲೇ ಹೊರಹಾಕ್ತಾರೆ. ಸದ್ದು ಕಿವಿ ಗಡಚಿಕ್ಕುತ್ತೆ, ಮುನ್ಸೂಚನೆ ಇರಲ್ಲ. ಸೇಫ್ಟಿ ವಾಲ್ವ್ ಎದ್ದಾಗಲೂ ಹಾಗೇ. ಚಿಕ್ಕ ಮಕ್ಕಳಿಗೆ ಕಿವಿಮುಚ್ಚಳ ತಗೊಂಡು ಹೋಗಿ, ಇಲ್ಲದಿದ್ದರೆ ಅಲ್ಲಿಂದ ಮನೆವರೆಗೂ ಅಳು.

ಎಲ್ಲಕ್ಕಿಂತ ದೊಡ್ಡ ಅಪಾಯ ಪಕ್ಕದ ಹಳಿ. ಎಲ್ಲರ ಕಣ್ಣೂ ಬಿಗ್ ಬಾಯ್ ಕಡೆ ಇರುವಾಗ ಬೆನ್ನ ಹಿಂದೆ ಗೂಡ್ಸ್ ಬರುತ್ತೆ, ಉಗಿ ಸದ್ದಿಗೆ ಅದು ಕೇಳಿಸಲ್ಲ. ಅಲ್ಲಿ ಹಳಿ ಪಕ್ಕದ ಜಲ್ಲಿಯೂ ಕಂಪನಿಯ ಸ್ವಂತ ಜಾಗ, ನಮ್ಮೂರಿನ ಹಾಗೆ ದಾರಿ ಮಾಡ್ಕೊಂಡು ನಡೆಯೋ ಹಾಗಿಲ್ಲ. ಅತಿಕ್ರಮ ಪ್ರವೇಶದ ಕೇಸ್ ಹಾಕ್ತಾರೆ.

ಸೀಟಿಪ್ರಿಯ

ಸೀಟಿ ಭಾಷೆ ತಿಳಿದಿದ್ರೆ ಕ್ಯಾಮೆರಾ ಯಾವಾಗ ಎತ್ತಬೇಕು ಅಂತ ಗೊತ್ತಾಗುತ್ತೆ. ಎರಡು ಉದ್ದ: ಬ್ರೇಕ್ ಬಿಟ್ಟಿದೆ, ಹೊರಟೆ. ನಿಂತಾಗ ಮೂರು ಚಿಕ್ಕದು: ಹಿಂದಕ್ಕೆ ಬರ್ತೀನಿ. ಉದ್ದ, ಉದ್ದ, ಚಿಕ್ಕ, ಉದ್ದ: ಮುಂದೆ ಲೆವೆಲ್ ಕ್ರಾಸಿಂಗ್. ಕೊನೇ ಉದ್ದವನ್ನ ಗೇಟ್ ದಾಟೋವರೆಗೂ ಎಳೀತಾರೆ. ಗಂಟೆ ಬಾರಿಸೋಕೆ ಶುರು ಮಾಡಿದ್ರೆ ಇನ್ನೇನು ಅಲುಗುತ್ತೆ ಅಂತ.

ಗೇಟ್ ಪಕ್ಕ ರೆಕಾರ್ಡ್ ಮಾಡೋರಿಗೆ: ಮೈಕಿನ ಮಟ್ಟವನ್ನ ಸೀಟಿಗೆ ಹೊಂದಿಸಿ, ಚಿಮಣಿಗಲ್ಲ. ಇಲ್ಲದಿದ್ರೆ ಸದ್ದು ಹರಿದು ಹಾಳಾಗುತ್ತೆ. ಫೋನಿನಲ್ಲಿ ಮಟ್ಟ ತಾನಾಗಿ ಏರಿಳಿಯೋದನ್ನ ನಿಲ್ಲಿಸಿ. ಮೈಕಿಗೆ ತುಪ್ಪಳದ ಟೋಪಿ ಹಾಕದೆ ವಯೋಮಿಂಗ್‌ಗೆ ಹೋಗಲೇಬೇಡಿ.

ಫೋಟೋಕ್ಕೆ ಸೆಕೆಂಡಿನ 1/1000ರಲ್ಲಿ ಎಲ್ಲ ನಿಂತ ಹಾಗೆ ಕಾಣುತ್ತೆ, ಗಾಲಿ ಜೋಡಿಸೋ ಉದ್ದನೆ ಸರಳುಗಳೂ ಸತ್ತ ಹಾಗೆ. 1/60ಕ್ಕೆ ಇಟ್ಟು ಕ್ಯಾಮೆರಾವನ್ನ ರೈಲಿನ ಜೊತೆ ತಿರುಗಿಸಿದ್ರೆ ಬಾಯ್ಲರ್ ಸ್ಪಷ್ಟ, ಸರಳು ಮಸುಕು. ಹತ್ತಕ್ಕೆ ಒಂದು ಸರಿ ಬಂದ್ರೆ ಪುಣ್ಯ. ಉದ್ದ ಲೆನ್ಸಲ್ಲಿ ಮಧ್ಯಾಹ್ನ ತೆಗೆದ್ರೆ ಹಳಿಯ ಬಿಸಿಗಾಳಿಗೆ ಚಿತ್ರ ನೀರಲ್ಲಿ ಅದ್ದಿದ ಹಾಗಿರುತ್ತೆ, ಅದು ಲೆನ್ಸಿನ ದೋಷ ಅಲ್ಲ.

ಮೈಸೂರು_ಮೀಟರ್‌ಗೇಜ್

ವೀಡಿಯೋ ಕೇಳಿ ಇಂಜಿನ್ನಿನ ವೇಗ ಹೇಳಬಹುದಾ? ಚಫ್ ಚಫ್ ಎಣಿಸಿ?

ಉಗಿಲೆಕ್ಕ

ಹೇಳಬಹುದು. 68 ಇಂಚಿನ ಗಾಲಿ ಒಂದು ಸುತ್ತಿಗೆ 5.43 ಮೀಟರ್ ಸಾಗುತ್ತೆ. ಎರಡು ಸಿಲಿಂಡರಿನ ಜೋಡಿ ಒಂದು ಸುತ್ತಿಗೆ ನಾಲ್ಕು ಸಲ ಉಗಿ ಬಿಡುತ್ತೆ. ಹಾಗಾಗಿ ಸೆಕೆಂಡಿಗೆ ಬೀಳುವ ಚಫ್ ಸಂಖ್ಯೆಯನ್ನ 4.9ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಮೀ ಅಂತ ಬರುತ್ತೆ. ಸೆಕೆಂಡಿಗೆ ಮೂರು ಕೇಳಿಸಿದರೆ ಸುಮಾರು 15 ಕಿಮೀ.

ಬೆಳಗಾವಿ_ಬಾಯ್ಲರ್

ಒಂದು ಮೋಸ ಐತ್ರಿ ಅದರಾಗ. ಇಲ್ಲಿ ಎರಡು ಜೋಡಿ ಸಿಲಿಂಡರ್, ನಡುವ ಕೀಲು ಅಷ್ಟಽ, ಮುಂದಿನ ಗಾಲಿಗಳನ್ನ ಹಿಂದಿನವಕ್ಕ ಕೂಡಿಸೋ ಸರಳಿಲ್ಲ. ಮುಂದಿನ ಗಾಲಿ ಒಂದಿಷ್ಟು ಸವೆದಿದ್ರ, ಇಲ್ಲಾ ಚೂರು ಜಾರಿದ್ರ, ಎರಡರ ತಾಳ ತಪ್ಪತೈತಿ. ಎರಡೂ ಕೂಡಿ ಬಿದ್ದಾಗ ಸುತ್ತಿಗೆ ನಾಕು ಗಟ್ಟಿ ಹೊಡೆತ, ಬಿಡಿ ಬಿದ್ದಾಗ ಎಂಟು ಮೆತ್ತಗಿನವು. ಒಂದ ಏರಿನ್ಯಾಗ ಕೇಳಕೋತ ನಿಂತ್ರ ಕೂಡತಾವ, ಅಗಲತಾವ, ಮತ್ತ ಕೂಡತಾವ. ಕಿವಿಗೆ ಅದಽ ಹಬ್ಬ, ಎಣಸವಂಗ ತಾಪತ್ರಯ. ಎಂಟು ಎಣಿಸಿದ್ರ ವೇಗ ದುಪ್ಪಟ್ಟು ಬರತೈತಿ. ಅದಕ್ಕ ಸದ್ದು ಬಿಟ್ಟು ಸರಳು ನೋಡ್ರಿ. ಸರಳು ತಳಕ್ಕ ಬಂದಿದ್ದು 10 ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸಿ 2ರಿಂದ ಗುಣಸ್ರಿ, ತಾಸಿಗೆ ಎಷ್ಟು ಕಿಮೀ ಅಂತ ಬಂತು. ಮೊಬೈಲಿನ್ಯಾಗ ನಿಧಾನ ಮಾಡಿ ನೋಡಿದ್ರ ಸುಲಭ.

ಜಾರೂದು ಅಂದೆನಲ್ಲ, ಅದನ್ನೂ ಕೇಳಿ ಗುರುತ ಹಿಡೀಬಹುದು. ಇಂಥಾ ಕೀಲಿನ ಇಂಜಿನ್ನಿನ್ಯಾಗ ಮೊದಲ ಜಾರೂದು ಮುಂದಿನ ಜೋಡಿ. ಹಳಿ ಮ್ಯಾಲೆ ಇಬ್ಬನಿ, ಎಣ್ಣೆ, ಉದುರಿದ ಎಲೆ ಇದ್ರ ಸಾಕು. ಚಫ್ ಚಫ್ ಅನ್ನೂದು ಇದ್ದಕ್ಕಿದ್ದಂಗ ಗಡಗಡಗಡ ಅಂತ ಓಡತೈತಿ, ರೈಲಿನ ವೇಗ ಮಾತ್ರ ಅಷ್ಟಽ ಇರತೈತಿ. ಡ್ರೈವರ್ ತಕ್ಷಣ ಥ್ರಾಟಲ್ ಇಳಿಸಿ, ಗಾಲಿ ಹಿಡಿದ ಮ್ಯಾಲೆ ಮರಳು ಬಿಟ್ಟು ಮತ್ತ ತೆರೀತಾನ. ಜಾರೂ ಗಾಲಿಗೆ ಹಂಗಽ ಮರಳು ಹಾಕಿದ್ರ ಒಮ್ಮೆಲೇ ಕಚ್ಚಿ ಸರಳು ಬಾಗೂ ಭಯ.

ಕಿಡಿಗೂಡು

ಇನ್ನೊಂದು ಲಕ್ಷಣ ಸೇರಿಸ್ತೀನಿ. ಚಿಮಣಿಯಿಂದ ಕೊಳೆ ನೀರಿನ ತುಂತುರು ಬಿದ್ರೆ ಬಾಯ್ಲರಿನ ನೀರು ಉಗಿ ಜೊತೆ ಸಿಲಿಂಡರಿಗೆ ನುಗ್ತಿದೆ ಅಂತ. ನೀರಿನ ಮಟ್ಟ ಹೆಚ್ಚಿದ್ರೂ ಹೀಗಾಗುತ್ತೆ, ನೀರಲ್ಲಿ ಉಪ್ಪು ಕೆಸರು ಸೇರಿ ನೊರೆ ಎದ್ರೂ ಆಗುತ್ತೆ. ಹಾಲು ಉಕ್ಕಿದ ಹಾಗೇ. ಊರೂರಿನ ನೀರು ತುಂಬಿಸೋದ್ರಿಂದ ಇದೊಂದು ತಲೆನೋವು, ಅದಕ್ಕೆ ನೀರಿಗೆ ರಾಸಾಯನಿಕ ಬೆರೆಸ್ತಾರೆ, ಬ್ಲೋಡೌನ್ ಮಾಡ್ತಾರೆ.

ಹಳಿಪಕ್ಕ

ನಿಲುಗಡೆಗಳಲ್ಲಿ ಕೆಳಗೆ ಬಗ್ಗಿ ಏನು ಮಾಡ್ತಿರ್ತಾರೆ? ನೀರು ತುಂಬೋದು ಬಿಟ್ಟು?

ಬ್ರೇಕ್‌ಬ್ಲಾಕ್

ಗ್ರೀಸು. ಗಾಲಿಯ ಅಚ್ಚುಗಳಿಗೆಲ್ಲ ರೋಲರ್ ಬೇರಿಂಗ್ ಇದೆ, 1941ರಲ್ಲೇ ಹಾಕಿದ್ರು. ಆದ್ರೆ ಗಾಲಿ ಜೋಡಿಸೋ ಸರಳುಗಳ ಕಣ್ಣುಗಳಲ್ಲಿ ಇರೋದು ಲೋಹದ ಬುಷ್, ಅದಕ್ಕೆ ಆಗಾಗ ಗನ್ ಹಿಡಿದು ಗ್ರೀಸ್ ಒತ್ತಬೇಕು. ಹಾಗೇ ಒಂದೊಂದೇ ಬೇರಿಂಗಿನ ಬಿಸಿ ನೋಡ್ಕೊಂಡು ಹೋಗ್ತಾರೆ. ಒಂದು ಮಾತ್ರ ಅಕ್ಕಪಕ್ಕದವಕ್ಕಿಂತ ಹೆಚ್ಚು ಬಿಸಿ ಇದ್ರೆ ರೋಗ ಅಲ್ಲೇ. ಹೊತ್ತಿಗೆ ಸರಿಯಾಗಿ ಹಿಡೀದಿದ್ರೆ ಲೋಹ ಕರಗಿ ಆ ದಿನದ ಪ್ರಯಾಣ ಅಲ್ಲಿಗೇ ಮುಗೀತು. ನಿಲುಗಡೆ ಹೊತ್ತು ಹಿಗ್ಗಿದ್ರೆ ಗೊಣಗಬೇಡಿ.

ನೀರಿನದು ಹೀಗೆ: ಸ್ವಂತ ಟೆಂಡರಿನಲ್ಲಿ ಸುಮಾರು 90,000 ಲೀಟರ್. ಹಳೇ ಕಾಲದ ಪೂರ್ತಿ ದುಡಿಮೆಯಲ್ಲಿ ಗಂಟೆಗೆ 45,000 ಲೀಟರ್ ಕುಡೀತಿತ್ತು, ಎರಡು ಗಂಟೆಗೆ ಖಾಲಿ. ಆಗ ದಾರಿಯುದ್ದಕ್ಕೂ ನೀರಿನ ಕಂಬ ಇದ್ವು, ಈಗ ಒಂದೂ ಇಲ್ಲ. ಅದಕ್ಕೇ ಹಿಂದೆ ಹೆಚ್ಚುವರಿ ನೀರಿನ ಟೆಂಡರ್, ಊರಲ್ಲಿ ಅಗ್ನಿಶಾಮಕದ ನಲ್ಲಿಗೆ ಪೈಪ್.

ಗೂಡ್ಸ್_ಗಾರ್ಡು

ವಾಪಸ್ ಬರುವಾಗ ಇಂಜಿನ್ ತಿರುಗಿಸೋದು ಎಲ್ಲಿ? ಟರ್ನ್‌ಟೇಬಲ್‌ಗೆ ಕೂರುತ್ತಾ?

ಬ್ರೇಕ್‌ಬ್ಲಾಕ್

132 ಅಡಿ ಉದ್ದ, 135 ಅಡಿಯ ಟರ್ನ್‌ಟೇಬಲ್ ಬೇಕು. ಅಂಥವು ಈಗ ಎಲ್ಲೆಂದರಲ್ಲಿ ಸಿಗಲ್ಲ. ಹಳಿ ತ್ರಿಕೋನ ಇರೋ ಜಂಕ್ಷನ್ನಿನಲ್ಲಿ ಮುಂದೆ ಹಿಂದೆ ಓಡಿಸಿ ತಿರುಗಿಸ್ತಾರೆ. ಅದನ್ನ ನೋಡೋಕೆ ಹೆಚ್ಚು ಜನ ಬರಲ್ಲ. ನಿಧಾನವಾಗಿ, ಬಿಗಿ ತಿರುವಿನಲ್ಲಿ, ಚೌಕಟ್ಟು ಹೊರಳೋದು ಕಣ್ಣಿಗೆ ಚೆನ್ನಾಗಿ ಕಾಣೋದೇ ಅಲ್ಲಿ.

ಮೈಸೂರು_ಮೀಟರ್‌ಗೇಜ್

ಚಫ್ ಲೆಕ್ಕ ನಮ್ಮ ಇಂಜಿನ್‌ಗಳಿಗೂ ನಡೆಯುತ್ತಾ? ಅಷ್ಟು ದೂರ ಹೋಗೋಕಾಗದವರಿಗೆ ಹರಿಯಾಣದ ರೇವಾಡಿಯ ಡಬ್ಲ್ಯೂಪಿ ಉಗಿ ಇಂಜಿನ್ ಇದೆಯಲ್ಲ.

ಉಗಿಲೆಕ್ಕ

ನಡೆಯುತ್ತೆ, ಮತ್ತೆ ಅಲ್ಲಿ ಇನ್ನೂ ಸುಲಭ, ಒಂದೇ ಜೋಡಿ ಸಿಲಿಂಡರ್. ಡಬ್ಲ್ಯೂಪಿ ಗಾಲಿ 67 ಇಂಚು, ಬಿಗ್ ಬಾಯ್‌ಗಿಂತ ಒಂದೇ ಇಂಚು ಕಮ್ಮಿ, ಹಾಗಾಗಿ 4.8. ಡಬ್ಲ್ಯೂಜಿ ಗೂಡ್ಸ್ ಇಂಜಿನ್ನಿನ ಗಾಲಿ 61.5 ಇಂಚು, 4.4. ಮೀಟರ್‌ಗೇಜಿನ ವೈಪಿ 54 ಇಂಚು, 3.9. ವೈಜಿ 48 ಇಂಚು, 3.4. ಹಳೇ ವೀಡಿಯೋ ಇಟ್ಟುಕೊಂಡಿರೋರು ಪರೀಕ್ಷಿಸಿ ನೋಡಿ. ಎಳೆತದಲ್ಲಿ ಮಾತ್ರ ಹೋಲಿಕೆ ಬೇಡ: ಡಬ್ಲ್ಯೂಪಿಯದು 30,600 ಪೌಂಡ್, ನಾಲ್ಕೂವರೆ ಡಬ್ಲ್ಯೂಪಿ ಸೇರಿದರೆ ಒಂದು ಬಿಗ್ ಬಾಯ್.

ಊಟಿ ರೈಲಿಗೆ ಇದನ್ನ ಹಾಕಬೇಡಿ. ಅದು ನಿಜವಾದ ಕಾಂಪೌಂಡ್, ಅಂದರೆ ಒಂದೇ ಉಗಿಯನ್ನ ಎರಡು ಸಲ ದುಡಿಸೋ ಇಂಜಿನ್. ಹಲ್ಲುಹಳಿ ಇರೋ ಕಡೆ ಗಾಲಿಯ ಸಿಲಿಂಡರಲ್ಲಿ ದುಡಿದ ಉಗಿ ಮತ್ತೆ ಹಲ್ಲುಗಾಲಿ ತಿರುಗಿಸೋ ಸಿಲಿಂಡರಿಗೆ ಹೋಗಿ ಆಮೇಲೆ ಚಿಮಣಿಗೆ ಬರುತ್ತೆ, ತಾಳವೇ ಬೇರೆ.

ಮೈಸೂರು_ಮೀಟರ್‌ಗೇಜ್

ಟೈರು ಸವೆದಿದ್ರೆ ಸಂಖ್ಯೆ ಬದಲಾಗಲ್ವಾ ಸರ್?

ಉಗಿಲೆಕ್ಕ

ಆಗುತ್ತೆ. 68 ಇಂಚು ಸವೆದು 66 ಆದರೆ ನೂರಕ್ಕೆ ಮೂರು ವ್ಯತ್ಯಾಸ. ಎಣಿಸೋದರಲ್ಲಿ ನಾವು ಮಾಡೋ ತಪ್ಪೇ ಅದಕ್ಕಿಂತ ಜಾಸ್ತಿ. ಬಿಗ್ ಬಾಯ್‌ಗೂ ಡಬ್ಲ್ಯೂಪಿಗೂ ಸುಮ್ಮನೆ 5 ಅಂತಿಟ್ಕೊಳ್ಳಿ.